ಆಪ್ ಬದಲಿಸುವ ಮೊದಲು ಬ್ಯಾಡಗಿ ಯಾರ್ಡಿಗೆ ಹೋಗಿ ಬನ್ನಿ

(ಹುಬ್ಬಳ್ಳಿಯಲ್ಲಿ ಆಪ್ ವಿನ್ಯಾಸ ಮಾಡುವವರು ಮತ್ತು ಡೆವಲಪರ್‌ಗಳ ಎದುರು ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಪ್ ರೀಡಿಸೈನ್ ಮಾಡೋಣ ಅಂತ ಮೀಟಿಂಗ್ ಕರೆದರೆ ಮೊದಲು ಮಾತು ಶುರುವಾಗುವುದು ಬಣ್ಣದಿಂದ. ಆಮೇಲೆ ಐಕಾನ್. ಅಷ್ಟರಲ್ಲಿ ಯಾರೋ ಒಬ್ಬರು ಬೇರೆ ಕಂಪನಿಯ ಆಪ್ ತೆರೆದು, "ನಮ್ದೂ ಹಿಂಗ ಇರಬೇಕು ನೋಡ್ರಿ" ಅನ್ನುತ್ತಾರೆ. ಅರ್ಧ ಗಂಟೆಯಲ್ಲಿ ಪ್ಲಾನ್ ತಯಾರು. ಆ ಆಪನ್ನು ದಿನವೂ ಬಳಸುವವರು ಮಾತ್ರ ಒಬ್ಬರೂ ಆ ಕೋಣೆಯಲ್ಲಿ ಇರುವುದಿಲ್ಲ.

ಯೂಸರ್ ರಿಸರ್ಚ್, ಅಂದರೆ ಆಪ್ ಬಳಸುವವರನ್ನೇ ನೋಡಿ, ಕೇಳಿ ತಿಳಿಯುವ ಕೆಲಸ. ಅದನ್ನು ಇಲ್ಲಿ ವಿವರಿಸುತ್ತಾ ಕೂರುವುದಿಲ್ಲ, ನಿಮಗೆಲ್ಲ ಗೊತ್ತು. ಹೊಸ ಆಪ್ ಕಟ್ಟುವಾಗ ಮಾಡುವ ರಿಸರ್ಚಿಗೂ, ಈಗಾಗಲೇ ಜನರ ಕೈಯಲ್ಲಿರುವ ಆಪನ್ನು ಬದಲಿಸುವಾಗ ಮಾಡುವ ರಿಸರ್ಚಿಗೂ ಇರುವ ಒಂದು ವ್ಯತ್ಯಾಸದ ಬಗ್ಗೆ ಮಾತ್ರ ಮಾತಾಡುತ್ತೇನೆ. ಹೊಸ ಆಪ್‌ನಲ್ಲಿ ಏನು ಕೊಡಬೇಕು ಅಂತ ಹುಡುಕುತ್ತೇವೆ. ಹಳೇ ಆಪ್‌ನಲ್ಲಿ ಏನನ್ನು ಮುಟ್ಟಬಾರದು ಅಂತ ಮೊದಲು ತಿಳಿಯಬೇಕು. ಈ ಎರಡನೆಯದನ್ನು ಹೆಚ್ಚಿನ ತಂಡಗಳು ಕೇಳಿಕೊಳ್ಳುವುದೇ ಇಲ್ಲ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಸ್ನ್ಯಾಪ್‌ಚಾಟ್ 2018ರ ಆರಂಭದಲ್ಲಿ ತನ್ನ ಆಪನ್ನು ಪೂರ್ತಿ ಬದಲಿಸಿತು. ಗೆಳೆಯರ ಸ್ಟೋರಿಗಳು ಚಾಟ್ ಜೊತೆ ಕಲಸಿಹೋದವು. ದಿನವೂ ಹೋಗುತ್ತಿದ್ದ ದಾರಿ ಜನರಿಗೆ ಸಿಗಲಿಲ್ಲ. ಹಳೆಯದನ್ನೇ ಕೊಡಿ ಅಂತ ಆನ್‌ಲೈನ್ ಮನವಿಗೆ 12 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅದೇ ವರ್ಷದ ಎರಡನೇ ತ್ರೈಮಾಸಿಕದಲ್ಲಿ ದಿನದ ಬಳಕೆದಾರರ ಸಂಖ್ಯೆ 19.1 ಕೋಟಿಯಿಂದ 18.8 ಕೋಟಿಗೆ ಇಳಿಯಿತು. ರೀಡಿಸೈನ್‌ನಿಂದ ಆದ ಗೊಂದಲವೇ ಇದಕ್ಕೆ ಮುಖ್ಯ ಕಾರಣ ಅಂತ ಕಂಪನಿಯೇ ಒಪ್ಪಿಕೊಂಡಿತು. ಹಣಕ್ಕೆ ಕೊರತೆ ಇಲ್ಲದ ಕಂಪನಿ ಅದು. ತಡೆದುಕೊಂಡಿತು. ನಮ್ಮ ನಿಮ್ಮಂಥ ಸಣ್ಣ ತಂಡ ಅಂಥ ಹೊಡೆತ ತಡೆಯುವುದಿಲ್ಲ.

ಈಗ ನಮ್ಮ ಕಡೆಗೆ ಬರೋಣ.

ಮೆಣಸಿನಕಾಯಿ ದರ ತೋರಿಸುವ ಒಂದು ಆಪ್‌ನ ರೀಡಿಸೈನ್ ಕೆಲಸದಲ್ಲಿ ನಾನಿದ್ದೆ. ಆಪ್‌ನ ಹೆಸರು ಬೇಡ. ಬ್ಯಾಡಗಿ ಮಾರುಕಟ್ಟೆ ನಿಮಗೆ ಗೊತ್ತಲ್ಲ. ಹಾವೇರಿ ಜಿಲ್ಲೆಯ ಸಣ್ಣ ಊರು, ಆದರೆ ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಅಲ್ಲಿಗೆ ಕಾಯಿ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ (ಆ ಪ್ರದೇಶದ್ದೇ ಬೆಳೆ ಅನ್ನುವ ಭೌಗೋಳಿಕ ಗುರುತು) ಕೂಡ ಸಿಕ್ಕಿತು. ಸೋಮವಾರ, ಗುರುವಾರ ವ್ಯಾಪಾರ. ರೈತ ಚೀಲಗಳನ್ನು ದಲಾಲಿ ಅಂಗಡಿ ಮುಂದೆ ಇಳಿಸುತ್ತಾನೆ. ಪ್ರತಿ ರಾಶಿಗೂ ಒಂದು ಲಾಟ್ ನಂಬರ್. ಖರೀದಿದಾರರು ಸುತ್ತು ಹಾಕುತ್ತಾ ಕಾಯಿ ಮುರಿದು ನೋಡುತ್ತಾರೆ. ಬಣ್ಣ ಎಷ್ಟಿದೆ, ತೇವ ಎಷ್ಟಿದೆ, ದಪ್ಪನೆಯ ಡಬ್ಬಿ ಕಾಯಿಯೋ ತೆಳ್ಳನೆಯ ಕಡ್ಡಿ ಕಾಯಿಯೋ ನೋಡಿ ಆನ್‌ಲೈನ್ ಟೆಂಡರಿನಲ್ಲಿ ಬೆಲೆ ಹಾಕುತ್ತಾರೆ. ಆಮೇಲೆ ಯಾವ ಲಾಟ್ ಯಾರಿಗೆ, ಎಷ್ಟಕ್ಕೆ ಅಂತ ಘೋಷಣೆ. ಬೆಲೆ ಹಿಡಿಸದಿದ್ದರೆ ರೈತ ಒಲ್ಲೆ ಅನ್ನಬಹುದು.

ಟೆಂಡರ್ ಹಾಕುವುದಕ್ಕೂ ಘೋಷಣೆಗೂ ನಡುವೆ ರೈತನಿಗೆ ಕಾಯುವ ಕೆಲಸ. ಮಾತಾಡಲು ಅದೇ ಸರಿಯಾದ ಹೊತ್ತು. ಬೆಳಿಗ್ಗೆ ಚೀಲ ಇಳಿಸುವಾಗ ಹೋಗಿ ಪ್ರಶ್ನೆ ಕೇಳಿದರೆ ಬೈಸಿಕೊಳ್ಳುತ್ತೀರಿ, ಬೈಸಿಕೊಳ್ಳಲೂಬೇಕು. ಇನ್ನೊಂದು ಮಾತು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಓದಿಕೊಂಡು ಧೈರ್ಯವಾಗಿ ಹೋಗಬೇಡಿ. ಮೂಗಿಗೆ ಟವೆಲ್ ಬೇಕೇ ಬೇಕು. ನಮ್ಮ ರೆಕಾರ್ಡಿಂಗ್‌ಗಳಲ್ಲಿ ಮಾತಿಗಿಂತ ಸೀನುಗಳೇ ಹೆಚ್ಚು.

ಏನು ಕೇಳಬೇಕು ಅನ್ನುವುದಕ್ಕಿಂತ ಹೇಗೆ ಕೇಳಬೇಕು ಅನ್ನುವುದು ಇಲ್ಲಿ ದೊಡ್ಡದು. ನಮ್ಮ ಕಡೆ ಜನರಿಗೆ ಎದುರಿಗೆ ಬಂದವರ ಮನಸ್ಸು ನೋಯಿಸುವುದು ಆಗದು. ಹುಬ್ಬಳ್ಳಿಯಿಂದ ಬಂದ ಹುಡುಗಿ ಬಿಸಿಲಲ್ಲಿ ನಿಂತು "ಈ ಆಪ್ ಹೆಂಗೈತ್ರಿ?" ಅಂತ ಕೇಳಿದರೆ, "ಭಾಳ ಚಲೋ ಐತ್ರಿ, ಚಾ ಕುಡೀರಿ" ಅನ್ನುತ್ತಾರೆ. ಮುಗಿಯಿತು. ಆ ಉತ್ತರ ತಂದು ಸ್ಲೈಡಿನಲ್ಲಿ ಹಾಕಿದರೆ ಬಾಸ್‌ಗೆ ಖುಷಿಯಾಗುತ್ತದೆ, ಆಪ್‌ಗೆ ಏನೂ ಆಗುವುದಿಲ್ಲ. "ಇಂಥ ಸೌಲಭ್ಯ ಕೊಟ್ಟರೆ ಬಳಸುತ್ತೀರಾ?" ಅಂತ ಕೇಳುವುದೂ ದಂಡ. ಹೂಂ ಅನ್ನಲು ಯಾರಿಗೂ ಖರ್ಚಿಲ್ಲ.

ಹಾಗಾಗಿ ಅಭಿಪ್ರಾಯ ಕೇಳಬೇಡಿ. ಕಳೆದ ಸಲ ಆದದ್ದನ್ನು ಕೇಳಿ. "ಹೋದ ಸೋಮವಾರ ದರ ಹೆಂಗ ನೋಡಿದ್ರಿ? ಒಂದ್ಸಲ ತೋರಿಸ್ರಿ." ಅಷ್ಟು ಹೇಳಿ ಸುಮ್ನೆ ಇರಿ. ಕೈ ಎಲ್ಲಿ ಹೋಗುತ್ತದೆ ಅಂತ ನೋಡಿ.

ಹೀಗೆ ಕೇಳಿದಾಗ ಒಬ್ಬ ರೈತರು ನಮ್ಮ ಆಪ್ ತೆರೆಯಲೇ ಇಲ್ಲ. ವಾಟ್ಸಾಪ್ ತೆರೆದರು. ಊರಿನ ಗುಂಪಿನಲ್ಲಿ ಒಂದು ಚಿತ್ರ ಇತ್ತು. ನಮ್ಮದೇ ಆಪ್‌ನ ಸ್ಕ್ರೀನ್‌ಶಾಟ್. ದಲಾಲಿ ಅಂಗಡಿಯ ಗುಮಾಸ್ತರು ಹಾಕಿದ್ದು. ಆ ಚಿತ್ರದಲ್ಲಿ ದರ ಇತ್ತು, ದಿನಾಂಕ ಇರಲಿಲ್ಲ. ಯಾಕೆಂದರೆ ನಮ್ಮ ಆಪ್‌ನಲ್ಲಿ ದಿನಾಂಕ ಮೇಲ್ಗಡೆ ಇತ್ತು, ಪಟ್ಟಿ ಸ್ವಲ್ಪ ಕೆಳಗೆ ಸರಿಸಿದರೆ ಅದು ಮಾಯವಾಗುತ್ತಿತ್ತು. ಯಾವ ದಿನದ ದರ, ಯಾವ ಮಾರುಕಟ್ಟೆಯ ದರ ಅಂತ ನೋಡಿದವರಿಗೆ ತಿಳಿಯುವಂತಿರಲಿಲ್ಲ. ಅದನ್ನು ನಂಬಿ ಚೀಲ ಹೇರಿಕೊಂಡು ಬಂದವರೂ ಇರುತ್ತಾರೆ.

ಒಂದು ಕ್ಷಣ ಇದನ್ನು ಯೋಚಿಸಿ. ನಮ್ಮ ಆಪ್ ನೋಡುವವರಲ್ಲಿ ಎಷ್ಟೋ ಜನ ಆಪ್ ಹಾಕಿಕೊಂಡೇ ಇರಲಿಲ್ಲ. ಅವರು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಸರ್ವರ್ ಲಾಗ್, ಅಂದರೆ ಆಪ್ ಬಳಕೆಯ ದಾಖಲೆ, ನೋಡಿದರೆ ಸಿಗುವುದಿಲ್ಲ. ಸರ್ವೆ ಕಳಿಸಿದರೆ ತಲುಪುವುದಿಲ್ಲ. ಯಾರ್ಡಿನಲ್ಲಿ ನಿಂತು ಫೋನ್ ಇಣುಕಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ನಮ್ಮ ಹೊಸ ಪ್ಲಾನಿನಲ್ಲಿ ಅಂದಚಂದದ ಗ್ರಾಫ್ ಇತ್ತು, ಡಾರ್ಕ್ ಥೀಮ್ ಇತ್ತು. ಅವೆಲ್ಲ ಕೆಳಗೆ ಹೋದವು. ದರದ ಪ್ರತಿ ಸಾಲಿನ ಪಕ್ಕದಲ್ಲೇ ದಿನಾಂಕ ಮತ್ತು ಊರಿನ ಹೆಸರು ಇರಬೇಕು, ಎಲ್ಲಿ ಕತ್ತರಿಸಿದರೂ ಉಳಿಯಬೇಕು ಅನ್ನುವುದು ಮೇಲೆ ಬಂತು. ಇದನ್ನು ಕೋಣೆಯಲ್ಲಿ ಕೂತು ಯಾರೂ ಹೇಳುತ್ತಿರಲಿಲ್ಲ.

ಇನ್ನು ಆ ಗುಮಾಸ್ತರ ವಿಷಯ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ದೊಡ್ಡ ಪಾಠ ಸಿಕ್ಕಿದ್ದು ಅವರ ಹತ್ತಿರವೇ. ವ್ಯಾಪಾರದ ದಿನ ಅವರು ಆಪ್ ಎಷ್ಟು ಸಲ ತೆರೆಯುತ್ತಾರೋ ಲೆಕ್ಕವಿಲ್ಲ. ಒಂದು ಕೈಯಲ್ಲಿ ಲೆಕ್ಕದ ಪುಸ್ತಕ, ಇನ್ನೊಂದರಲ್ಲಿ ಫೋನ್, ಎದುರಿಗೆ ಜೋರು ಮಾಡುವ ರೈತ. ಸ್ಕ್ರೀನ್ ನೋಡುವುದೇ ಇಲ್ಲ, ಹೆಬ್ಬೆರಳು ತಾನಾಗಿ ಕೆಳಗಿನ ಮೂರನೇ ಟ್ಯಾಬಿಗೆ ಹೋಗುತ್ತದೆ. ಅಲ್ಲಿ ಲಾಟ್ ನಂಬರ್ ಹುಡುಕುವ ಜಾಗ. ನೋಡಲು ಕೆಟ್ಟ ಪುಟ. ವಿನ್ಯಾಸ ಮಾಡುವವರಿಗೆ ಕಣ್ಣು ಉರಿಯುವಂಥದ್ದು. ನಮ್ಮ ಹೊಸ ವಿನ್ಯಾಸದಲ್ಲಿ ಆ ಟ್ಯಾಬನ್ನು ತೆಗೆದು ಮೇಲಿನ ಮೂಲೆಯ ಮೆನುವಿನೊಳಗೆ ಸೇರಿಸಿದ್ದೆವು. ಲಾಗ್ ಪ್ರಕಾರ ಅದನ್ನು ಬಳಸುವವರು ಕಡಿಮೆ ಜನ. ಲೆಕ್ಕ ಸರಿಯೇ ಇತ್ತು. ಆದರೆ ಆ ಕಡಿಮೆ ಜನರಿಂದಲೇ ಉಳಿದವರೆಲ್ಲರಿಗೂ ದರ ಹೋಗುತ್ತಿತ್ತಲ್ಲ! ಗುಮಾಸ್ತರು ಆಪ್ ಬಿಟ್ಟರೆ ವಾಟ್ಸಾಪ್ ಗುಂಪುಗಳೂ ಖಾಲಿ.

ಮೂರನೇ ಟ್ಯಾಬ್ ಇದ್ದಲ್ಲೇ ಉಳಿಯಿತು. ಅದರ ಗಾತ್ರ, ಜಾಗ, ಒತ್ತಿದ ಮೇಲೆ ಕೀಬೋರ್ಡ್ ತಾನಾಗಿ ತೆರೆದುಕೊಳ್ಳುವುದು, ಯಾವುದನ್ನೂ ಮುಟ್ಟಲಿಲ್ಲ. ನಮ್ಮ ಪ್ಲಾನಿನ ಮೊದಲ ಪುಟದಲ್ಲಿ 'ಮುಟ್ಟಬಾರದವು' ಅಂತ ಒಂದು ಪಟ್ಟಿ ಬಂದದ್ದು ಅಲ್ಲಿಂದ. ಈಗ ನಾನು ಯಾವ ರೀಡಿಸೈನ್ ಕೆಲಸಕ್ಕೆ ಹೋದರೂ ಮೊದಲು ಕೇಳುವುದು ಆ ಪಟ್ಟಿಯನ್ನು. ಇಲ್ಲ ಅಂದರೆ ರಿಸರ್ಚ್ ಇನ್ನೂ ಶುರುವಾಗಿಲ್ಲ ಅಂತ ಅರ್ಥ ಮಾಡಿಕೊಳ್ಳುತ್ತೇನೆ.

ದರ ತೋರಿಸುವ ರೀತಿಯಲ್ಲಿ ಮಾತ್ರ ನಿಜವಾದ ತೊಂದರೆ ಇತ್ತು. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇದ್ದದ್ದು ಆ ದಿನದ ಅತಿ ಹೆಚ್ಚು ದರ. ಒಳ್ಳೆ ಡಬ್ಬಿ ಕಾಯಿಯ ಒಂದೆರಡು ಲಾಟಿಗೆ ಸಿಕ್ಕಿದ ದರ ಅದು. ಸಾಧಾರಣ ಕಡ್ಡಿ ಕಾಯಿ ತಂದ ರೈತ ಅದನ್ನು ನೋಡಿ ಬಂದು, ತನಗೆ ಅಷ್ಟು ಸಿಗಲಿಲ್ಲ ಅಂತ ದಲಾಲಿ ಅಂಗಡಿಯಲ್ಲಿ ಜಗಳಕ್ಕೆ ನಿಲ್ಲುತ್ತಾನೆ. ಅವನ ತಪ್ಪೇನಿಲ್ಲ, ಆಪ್ ಹೇಳಿದ್ದೇ ಹಾಗೆ. ಸರ್ಕಾರದ ಅಗ್‌ಮಾರ್ಕ್‌ನೆಟ್ ಪಟ್ಟಿಯಲ್ಲಿ ಕಡಿಮೆ ದರ, ಹೆಚ್ಚು ದರ, ಅತಿ ಹೆಚ್ಚು ಮಾಲು ಮಾರಾಟವಾದ ದರ ಅಂತ ಮೂರೂ ಇರುತ್ತವೆ. ನಾವು ಜಾಗ ಉಳಿಸಲು ಒಂದನ್ನೇ ಇಟ್ಟಿದ್ದೆವು. ಹೊಸದರಲ್ಲಿ ತಳಿವಾರು ಮೂರನ್ನೂ ತಂದೆವು. ದಪ್ಪ ಅಕ್ಷರ ಮೂರನೆಯದಕ್ಕೆ ಹೋಯಿತು. ನೋಡಲು ಅಷ್ಟು ಆಕರ್ಷಕ ಅಲ್ಲ, ಒಪ್ಪುತ್ತೇನೆ.

ಫೋನ್ ಯಾರದು ಅನ್ನುವುದನ್ನೂ ಕೇಳಬೇಕು. ಎಷ್ಟೋ ಕಡೆ ಅಪ್ಪನ ಕೈಯಲ್ಲಿ ಸಾದಾ ಫೋನ್, ಮಗನ ಕೈಯಲ್ಲಿ ಸ್ಮಾರ್ಟ್‌ಫೋನ್. ಮಗ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಓದುತ್ತಾನೆ. ನೋಂದಣಿ ಅಪ್ಪನ ನಂಬರಿನಲ್ಲಿ. ಓಟಿಪಿ ಬರುವುದು ಹೊಲದಲ್ಲಿರುವ ಫೋನಿಗೆ, ಆಪ್ ಇರುವುದು ಹಾಸ್ಟೆಲಿನಲ್ಲಿ. ಲಾಗಿನ್ ಪುಟದಲ್ಲೇ ಜನ ವಾಪಸ್ ಹೋಗುತ್ತಿದ್ದಾರೆ ಅಂತ ಅಂಕಿ ಹೇಳಿತ್ತು. ಯಾಕೆ ಅಂತ ಹೇಳಿದ್ದು ಆ ಮಗ. ಪರಿಹಾರವೂ ಸರಳ. ದರ ನೋಡಲು ಲಾಗಿನ್ ಯಾಕೆ ಬೇಕು? ತೆಗೆದೇಬಿಟ್ಟೆವು.

ಈಗ ಕನ್ನಡ ಅಕ್ಷರದ ಬಗ್ಗೆ ಸ್ವಲ್ಪ. ಫಿಗ್ಮಾ ಅನ್ನುವ ವಿನ್ಯಾಸದ ತಂತ್ರಾಂಶದಲ್ಲಿ ಇಂಗ್ಲಿಷ್ ಪದ ಹಾಕಿ ಬಟನ್ ಎತ್ತರ ಗೊತ್ತುಮಾಡಿ, ಕೊನೆಗೆ ಕನ್ನಡ ತುಂಬುವ ಚಾಳಿ ನಮ್ಮಲ್ಲಿದೆ. 'ರಾಷ್ಟ್ರೀಯ' ಅಂತ ಹಾಕಿ ನೋಡಿ. ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತದೆ. ಆಂಡ್ರಾಯ್ಡ್ 14ರಿಂದ ಅಕ್ಷರವನ್ನು 200% ವರೆಗೂ ದೊಡ್ಡದು ಮಾಡಿಕೊಳ್ಳಬಹುದು. ಯಾರ್ಡಿನಲ್ಲಿ ಐವತ್ತು ದಾಟಿದವರ ಫೋನ್ ನೋಡಿ, ಅಕ್ಷರ ದೊಡ್ಡದು ಮಾಡಿಕೊಂಡವರೇ ಹೆಚ್ಚು. ಅಲ್ಲಿ ನಮ್ಮ ಬಟನ್ನಿನಲ್ಲಿ ಅರ್ಧ ಪದ ಮಾತ್ರ ಕಾಣುತ್ತಿತ್ತು. ಬಿಸಿಲಲ್ಲಿ ತೆಳು ಬೂದು ಬಣ್ಣದ ಅಕ್ಷರವಂತೂ ಕಾಣುವುದೇ ಇಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) ಬೇಕು ಅಂತ ವೆಬ್ ಪ್ರವೇಶಸಾಧ್ಯತೆಯ ಮಾನದಂಡ ಇದೆ. ಒತ್ತುವ ಜಾಗ ಕನಿಷ್ಠ 48 ಡಿಪಿ, ಅಂದರೆ ಸುಮಾರು 9 ಮಿಲಿಮೀಟರ್ ಇರಲಿ ಅಂತ ಆಂಡ್ರಾಯ್ಡ್ ಹೇಳುತ್ತದೆ. ಇವನ್ನು ತಿಳಿಯಲು ಬ್ಯಾಡಗಿಗೆ ಹೋಗಬೇಕಿಲ್ಲ. ಆದರೆ ಹೋಗಿ ಬಂದ ಮೇಲೆ ಇವುಗಳ ಬಗ್ಗೆ ತಂಡದಲ್ಲಿ ಯಾರೂ ವಾದ ಮಾಡಲಿಲ್ಲ.

ಗದಗಿನ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳಿಗೆ ಸಂಗೀತ ಕಲಿಸಿದ ಊರು ಅದು. ಅಂಥ ಊರಿನ ಪಕ್ಕದಲ್ಲಿ ಕೂತು ಆಪ್ ಕಟ್ಟುವ ನಾವು ಟಾಕ್‌ಬ್ಯಾಕ್ (ಪರದೆಯಲ್ಲಿರುವುದನ್ನು ಓದಿ ಹೇಳುವ ಆಂಡ್ರಾಯ್ಡ್ ಸೌಲಭ್ಯ) ಹಾಕಿ ಒಂದು ಸಲವೂ ನಮ್ಮ ಆಪ್ ಕೇಳಿಸಿಕೊಳ್ಳುವುದಿಲ್ಲ ಅಂದರೆ ಹೇಗೆ? ಗದಗಿನಲ್ಲಿ ದೃಷ್ಟಿ ಇಲ್ಲದ ಒಬ್ಬ ಸಂಗೀತ ಮೇಷ್ಟ್ರ ಹತ್ತಿರ ಫೋನ್ ಕೊಟ್ಟು ಕೂತೆವು. ಅವರ ಮನೆಯದೂ ಮೆಣಸಿನಕಾಯಿ ಹೊಲ. ಪುಟ ತೆರೆದರೆ ಫೋನ್ "ಬಟನ್, ಬಟನ್, ಬಟನ್" ಅನ್ನುತ್ತಿತ್ತು. ಐಕಾನ್‌ಗಳಿಗೆ ಹೆಸರೇ ಕೊಟ್ಟಿರಲಿಲ್ಲ. ಮೇಷ್ಟ್ರು ನಕ್ಕು, "ಎಲ್ಲಾವೂ ಷಡ್ಜನ ಅದಾವಲ್ರಿ" ಅಂದರು, ಎಲ್ಲವೂ ಒಂದೇ 'ಸ' ಸ್ವರ ಅಂತ. ನಮ್ಮ ಚಂದದ ಗ್ರಾಫ್ ಅವರಿಗೆ ಬರೀ ಒಂದು ಚಿತ್ರ, ಅದರಿಂದ ಒಂದು ಅಕ್ಷರವೂ ಹೊರಡಲಿಲ್ಲ. ಐಕಾನ್‌ಗಳಿಗೆ ಹೆಸರು ಕೊಡುವುದು ಸಣ್ಣ ಕೆಲಸ. ರೀಡಿಸೈನ್ ಮುಗಿಯಲಿ ಅಂತ ಕಾಯದೆ ಅದನ್ನು ಹಳೇ ಆಪ್‌ನಲ್ಲೇ ಮಾಡಿದೆವು.

ಎಷ್ಟು ಜನರನ್ನು ನೋಡಬೇಕು ಅಂತ ಎಲ್ಲರೂ ಕೇಳುತ್ತಾರೆ. "ಐದು ಜನ ಸಾಕು" ಅನ್ನುವ ಮಾತು ಕೇಳಿರುತ್ತೀರಿ. ಬಳಕೆಯ ಸುಲಭತೆ ಬಗ್ಗೆ ಸಂಶೋಧನೆ ಮಾಡಿದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಕೊಟ್ಟ ಲೆಕ್ಕದಿಂದ ಬಂದದ್ದು ಅದು. ಒಬ್ಬ ಬಳಕೆದಾರನ ಪರೀಕ್ಷೆಯಲ್ಲಿ ಸರಾಸರಿ 31% ತೊಂದರೆಗಳು ಕಾಣುತ್ತವೆ ಅಂತ ಹಿಡಿದರೆ, ಐದು ಜನರಿಗೆ ಸುಮಾರು 85% ಸಿಕ್ಕಿಬಿಡುತ್ತವೆ. ಆದರೆ ಇದರಲ್ಲಿ ಎರಡು ಷರತ್ತು ಇವೆ. ಆ ಐವರೂ ಒಂದೇ ಥರದ ಬಳಕೆದಾರರಾಗಿರಬೇಕು. ಗುಮಾಸ್ತ, ರೈತ, ಖರೀದಿದಾರ ಮೂವರನ್ನೂ ಕಲಸಿ ಐದು ಅಂದರೆ ಲೆಕ್ಕ ತಪ್ಪುತ್ತದೆ. ಮತ್ತೆ ಇದು ತೊಂದರೆ ಹುಡುಕುವುದಕ್ಕೆ ಮಾತ್ರ. ಐವರಲ್ಲಿ ನಾಲ್ವರಿಗೆ ಇಷ್ಟವಾಯಿತು, ಹಾಗಾಗಿ 80% ಜನರಿಗೆ ಇಷ್ಟ ಅಂತ ಬರೆಯುವ ವರದಿ ಕಂಡರೆ ನನಗೆ ಸಿಟ್ಟು ಬರುತ್ತದೆ.

ನಾವು ಮರೆಯುವ ಇನ್ನೊಬ್ಬ ವ್ಯಕ್ತಿ ಇದ್ದಾರೆ. ನಿಮ್ಮ ಆಫೀಸಿನಲ್ಲಿ ಫೋನ್ ಎತ್ತುವವರು. ನಮ್ಮ ಜನ ಪ್ಲೇ ಸ್ಟೋರಿನಲ್ಲಿ ವಿಮರ್ಶೆ ಬರೆಯುವುದು ಕಡಿಮೆ, ಫೋನ್ ಮಾಡುವುದು ಜಾಸ್ತಿ. ಯಾವ ಬಟನ್ ಯಾರಿಗೆ ಸಿಗುವುದಿಲ್ಲ ಅಂತ ಅವರಿಗೆ ಬಾಯಿಪಾಠ. ಅವರನ್ನು ಡಿಸೈನ್ ಮೀಟಿಂಗಿಗೆ ಕರೆದ ತಂಡಗಳನ್ನು ನಾನು ಕಂಡದ್ದು ಬಹಳ ಕಡಿಮೆ.

ಸರಿ, ಇಷ್ಟೆಲ್ಲ ಸಿಕ್ಕಿತು. ಪ್ಲಾನ್ ಹೇಗೆ ಮಾಡುವುದು? ಪ್ರತಿ ತೊಂದರೆಗೂ ಮೂರು ಪ್ರಶ್ನೆ ಕೇಳಿದೆವು. ಎಷ್ಟು ಜನರಿಗೆ ಆಗುತ್ತದೆ? ಆದಾಗ ಎಷ್ಟು ನಷ್ಟ? ಒಮ್ಮೆ ಕಲಿತರೆ ಹೋಗುತ್ತದೋ, ಪ್ರತಿ ಸಲ ಕಾಡುತ್ತದೋ? ದಿನಾಂಕ ಇಲ್ಲದ ಸ್ಕ್ರೀನ್‌ಶಾಟ್ ಮೂರರಲ್ಲೂ ಮೇಲೆ ಬಂತು. ಬಣ್ಣದ ಬಗ್ಗೆ ಯಾರ್ಡಿನಲ್ಲಿ ಒಬ್ಬರೂ ಮಾತಾಡಿರಲಿಲ್ಲ, ಆದ್ದರಿಂದ ಅದು ಕೊನೆಗೆ. ಪ್ರತಿ ಸಾಲಿನ ಎದುರಿಗೆ ಇದನ್ನು ಎಲ್ಲಿ ಕಂಡೆವು ಅಂತ ಬರೆದೆವು. ಹಾಗೆ ಬರೆಯಲು ಏನೂ ಇಲ್ಲದ ಸಾಲುಗಳೂ ಇದ್ದವು. ಅವು ನಮ್ಮ ಆಸೆಗಳು. ಅಳಿಸಲಿಲ್ಲ, ಬೇರೆ ಹಾಳೆಗೆ ಹಾಕಿದೆವು.

ಹಳೇ ಆಪ್ ಎಷ್ಟು ಚೆನ್ನಾಗಿದೆ ಅಂತ ಮೊದಲೇ ಅಳೆದಿಡಬೇಕು, ಇಲ್ಲದಿದ್ದರೆ ಹೊಸದು ಉತ್ತಮವೋ ಅಲ್ಲವೋ ಹೇಗೆ ತಿಳಿಯುವುದು? ಜಾನ್ ಬ್ರೂಕ್ 1986ರಲ್ಲಿ ಮಾಡಿದ ಎಸ್‌ಯುಎಸ್ ಅನ್ನುವ, ಬಳಸಲು ಎಷ್ಟು ಸುಲಭ ಅಂತ ಅಳೆಯುವ ಹತ್ತು ವಾಕ್ಯಗಳ ಪ್ರಶ್ನಾವಳಿ ಇದೆ. ನೂರಕ್ಕೆ ಅಂಕ, 68 ಅನ್ನು ಸರಾಸರಿ ಅಂತ ಹಿಡಿಯುತ್ತಾರೆ. ಆದರೆ ಅದರಲ್ಲಿ ಒಂದು ವಾಕ್ಯ ಹೊಗಳಿದರೆ ಮುಂದಿನದು ತೆಗಳುತ್ತದೆ. ಯಾರ್ಡಿನಲ್ಲಿ ನಿಂತು ಓದಿ ಹೇಳಿದರೆ ಕೇಳುವವರಿಗೆ ತಲೆ ತಿರುಗುತ್ತದೆ. ಅದರ ಬದಲು ಒಂದು ಕೆಲಸ ಕೊಡಿ. "ಈ ಲಾಟ್ ನಂಬರಿನ ಬೆಲೆ ಹುಡುಕ್ರಿ." ಸಿಕ್ಕಿತೋ ಇಲ್ಲವೋ, ಎಷ್ಟು ಸೆಕೆಂಡ್ ಆಯಿತು, ಬರೆದುಕೊಳ್ಳಿ. ಹೊಸದಕ್ಕೂ ಅದೇ ಕೆಲಸ, ಅದೇ ಥರದ ಜನ.

ಬಿಡುಗಡೆ ಯಾವಾಗ ಅನ್ನುವುದನ್ನೂ ರಿಸರ್ಚೇ ಹೇಳಿತು. ನಮ್ಮ ಮೂಲ ಪ್ಲಾನ್ ಪ್ರಕಾರ ಹೊಸ ಆಪ್ ಫೆಬ್ರುವರಿಯಲ್ಲಿ ಬರಬೇಕಿತ್ತು. ಫೆಬ್ರುವರಿ ಅಂದರೆ ಬ್ಯಾಡಗಿಯಲ್ಲಿ ಆವಕ ಉಕ್ಕುವ ಕಾಲ. ಜನವರಿಯಿಂದ ಏಪ್ರಿಲ್‌ವರೆಗೆ ಗುಮಾಸ್ತರಿಗೆ ಊಟಕ್ಕೆ ಪುರುಸೊತ್ತಿಲ್ಲ, ಹೊಸ ಮೆನು ಕಲಿಯುತ್ತಾರಾ? ಮಳೆಗಾಲಕ್ಕೆ ಮುಂದೂಡಿದೆವು. ಅದೂ ಎಲ್ಲರಿಗೂ ಒಮ್ಮೆಲೇ ಅಲ್ಲ. ಪ್ಲೇ ಸ್ಟೋರಿನಲ್ಲಿ ಇಷ್ಟು ಶೇಕಡಾ ಜನರಿಗೆ ಮಾತ್ರ ಅಂತ ಹಂತಹಂತವಾಗಿ ಬಿಡುವ ಸೌಲಭ್ಯ ಇದೆ. ತೊಂದರೆ ಕಂಡರೆ ಅಲ್ಲೇ ನಿಲ್ಲಿಸಬಹುದು.

ಒಂದು ಎಚ್ಚರಿಕೆ. ಯಾರ್ಡಿನಲ್ಲಿ ಫೋಟೋ ತೆಗೆಯುವಾಗ ಲೆಕ್ಕದ ಚೀಟಿಯಲ್ಲಿ ರೈತನ ಹೆಸರು, ಬ್ಯಾಂಕ್ ಖಾತೆ ಎಲ್ಲ ಬಂದುಬಿಡುತ್ತದೆ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರ ಕಾಯ್ದೆಯೇ ಇದೆ. ಕಾಯ್ದೆ ಇರಲಿ ಬಿಡಲಿ, ಕೇಳಿ ತೆಗೆಯಿರಿ, ಹೆಸರು ಮುಚ್ಚಿ ಇಡಿ. ಅವರು ನಮಗಾಗಿ ಕೊಟ್ಟ ಸಮಯಕ್ಕೆ ಪ್ರತಿಯಾಗಿ ಹಣವನ್ನೂ ಕೊಡಿ. ಗಿರಮಿಟ್ಟು, ಚಹಾ ಕೊಡಿಸಿದ್ದು ಸಂಬಳದ ಲೆಕ್ಕಕ್ಕೆ ಬರುವುದಿಲ್ಲ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

"ನಮ್ಮ ಬಾಸ್ ರಿಸರ್ಚಿಗೆ ದುಡ್ಡು ಕೊಡೋದಿಲ್ಲ, ಏನು ಮಾಡಲಿ?" ಅಂತ ಒಬ್ಬ ಹುಡುಗಿ ಕೇಳಿದರು. ಬಾಸ್‌ಗೆ ವರದಿ ಕೊಡಬೇಡಿ, ವಿಡಿಯೋ ತೋರಿಸಿ. ಒಬ್ಬ ಬಳಕೆದಾರ ಒಂದು ಬಟನ್ ಹುಡುಕುತ್ತಾ ಒದ್ದಾಡುವ ಎರಡು ನಿಮಿಷ ಸಾಕು. ನಿಮ್ಮದು ಬಸ್ ಆಪ್ ಆದರೆ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬನ್ನಿ. ನಡುವೆ ನಿಲ್ಲದೆ ಹೋಗುವ ಬಸ್‌ಗಳೂ ಇವೆಯಲ್ಲ, ಹತ್ತುವ ಮೊದಲು ಜನ ನಿಲ್ದಾಣದ ಸಿಬ್ಬಂದಿಯನ್ನೋ ಪಕ್ಕದವರನ್ನೋ ಏನು ಕೇಳುತ್ತಾರೆ ಅಂತ ಕಿವಿಗೊಡಿ. ಅವರು ಕೇಳುವ ಆ ಪ್ರಶ್ನೆಗೆ ನಿಮ್ಮ ಮೊದಲ ಪುಟದಲ್ಲಿ ಉತ್ತರ ಇದೆಯಾ? ಇದಕ್ಕೆ ಟಿಕೆಟ್ ದುಡ್ಡು ಮಾತ್ರ ಬೇಕು. ಮಹಿಳೆಯರಿಗೆ ಶಕ್ತಿ ಯೋಜನೆ ಬಂದಿರುವ ಬಸ್ಸಿನಲ್ಲಿ ಹೋದರೆ ಅದೂ ಬೇಡ.

"ಎಐ ಹತ್ತಿರವೇ ರೈತನ ಥರ ಉತ್ತರ ಕೊಡು ಅಂತ ಕೇಳಬಹುದಲ್ವಾ?" ಕೇಳಬಹುದು. ಉತ್ತರವೂ ನಯವಾಗಿ ಬರುತ್ತದೆ. ಆದರೆ ಅದು ವಾಟ್ಸಾಪ್ ತೆರೆದು ದಿನಾಂಕ ಇಲ್ಲದ ಸ್ಕ್ರೀನ್‌ಶಾಟ್ ತೋರಿಸುವುದಿಲ್ಲ. ಪ್ರಶ್ನೆಗಳ ಕರಡು ಮಾಡಲು, ಟಿಪ್ಪಣಿ ಜೋಡಿಸಲು ನಾನೂ ಎಐ ಬಳಸುತ್ತೇನೆ. ನಮ್ಮ ಕಡೆಯ ಮಾತಿನ ರೆಕಾರ್ಡಿಂಗನ್ನು ಬರಹಕ್ಕೆ ಇಳಿಸಲು ಕೊಟ್ಟರೆ ಮಾತ್ರ ಬಂದದ್ದನ್ನು ಸಾಲು ಸಾಲಾಗಿ ಕೇಳಿ ತಿದ್ದುತ್ತೇನೆ.

"ಹಳೇ ವಿನ್ಯಾಸಕ್ಕೆ ಮರಳುವ ದಾರಿ ಎಷ್ಟು ದಿನ ಇಡಬೇಕು?" ಅನ್ನುವುದು ಕೊನೆಯ ಪ್ರಶ್ನೆ. ನಾವು ಒಂದು ಪೂರ್ತಿ ಸೀಸನ್ ಇಟ್ಟೆವು. ಸೆಟ್ಟಿಂಗ್ಸ್‌ನಲ್ಲಿ ಒಂದು ಸ್ವಿಚ್. ಏಪ್ರಿಲ್ ದಾಟಿದ ಮೇಲೂ ಹಳೆಯದನ್ನೇ ಬಳಸುತ್ತಿದ್ದವರ ಪಟ್ಟಿ ತೆಗೆದು ಒಬ್ಬೊಬ್ಬರಿಗೂ ಫೋನ್ ಮಾಡಿದೆವು. ಹೆಚ್ಚಿನವರಿಗೆ ಬೇಕಿದ್ದದ್ದು ಹಳೇ ಪುಟದಲ್ಲಿದ್ದ ಒಂದೇ ಒಂದು ಸಾಲು, ಆ ದಿನ ಯಾರ್ಡಿಗೆ ಒಟ್ಟು ಎಷ್ಟು ಚೀಲ ಬಂದವು ಅನ್ನುವುದು. ನಾವು ಅದನ್ನು ತೆಗೆದಿದ್ದೆವು. ವಾಪಸ್ ಹಾಕಿ, ಆಮೇಲೆ ಸ್ವಿಚ್ ತೆಗೆದೆವು.